ಹುಳಕ್ಕೆ ಊಟ ಹಾಕಿದವಳು

ಶನಿವಾರ, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಮೊಮ್ಮಗಳು ಮೈಯೆಲ್ಲ ಕಿವಿಯಾಗಿ ಪಕ್ಕದಲ್ಲೇ ನಿಂತಿರುತ್ತಾಳೆ. ಅದಕ್ಕೇ ಈ ಕಾಗದ. ಮೊದಲು ನಿನ್ನ ಮೇಲಿನ ದೂರು ಕೇಳು. ಹೋದ ಸಲ ಬಂದಾಗ ನೀನು ಅವಳ ಬಾಯಿ ನೋಡಿ, ಹಲ್ಲಿಗೆ ಹುಳ ಹಿಡಿದಿದೆ ಕಣೇ ಅಂದುಬಿಟ್ಟೆ. ನೀನು ಊರಿಗೆ ಹೋದೆ, ಹುಳ ಇಲ್ಲೇ ಉಳಿಯಿತು.

ಈಚೆಗೆ ಎಡಗಡೆ ಅಗಿಯುವುದನ್ನೇ ಬಿಟ್ಟಿದ್ದಳು. ಹಾಲುಹಲ್ಲು ತಾನೆ, ಹೇಗೂ ಬೀಳುತ್ತದೆ ಅಂದುಕೊಂಡಿದ್ದೆ. ಇವತ್ತು ಬೆಳಿಗ್ಗೆ ತೋರಿಸಲು ಕರೆದುಕೊಂಡು ಹೋದರೆ ಹಲ್ಲಿನ ಡಾಕ್ಟರಮ್ಮ ನನಗೆ ಚೆನ್ನಾಗಿ ಬೈದರು. ಈ ದವಡೆ ಹಲ್ಲು ಇನ್ನೂ ಐದಾರು ವರ್ಷ ಇರಬೇಕಂತೆ, ಮುಂದೆ ಬರುವ ಹಲ್ಲಿಗೆ ಜಾಗ ಹಿಡಿದಿಡುವುದೇ ಅದಂತೆ. ಈಗಲೇ ಹುಳುಕು ತೆಗೆದು ತುಂಬಿದರೆ ಉಳಿಯುತ್ತದೆ, ತಡಮಾಡಿದರೆ ಕೀಳಲೇಬೇಕು ಅಂದರು. ತೋರಿಸುವಾಗ ತೆರೆದ ಬಾಯನ್ನು, ಹುಳುಕು ತೆಗೆಯುವ ಮಾತು ಕೇಳಿದ ಮೇಲೆ ಇವಳು ಮತ್ತೆ ತೆರೆದರೆ ತಾನೆ? ಆ ದೊಡ್ಡ ಕುರ್ಚಿಯಲ್ಲಿ ತುಟಿ ಬಿಗಿದು ಕೂತುಬಿಟ್ಟಳು. ಗೋಗರೆದೆ, ಗದರಿದೆ. ಊಹೂಂ.

ನಾನು ಹೆದರಿಕೆ ಅಂದುಕೊಂಡೆ. ಡಾಕ್ಟರಮ್ಮ ನನ್ನನ್ನು ಸುಮ್ಮನಿರಿಸಿ, ಒಳಗೆ ಯಾರನ್ನ ಬಚ್ಚಿಟ್ಟಿದೀಯ ಪುಟ್ಟಾ ಅಂತ ಕೇಳಿದರು ನೋಡು, ಆಗ ಬಾಯಿಬಿಟ್ಟಳು. ನನ್ನ ಹುಳನ ಸಾಯಿಸ್ತೀರಾ ಅಂತ ಅಳು! ಹಲ್ಲುಜ್ಜಿದ ಮೇಲೆ ದಿನಾ ಒಂದು ಚಿಟಿಕೆ ಸಕ್ಕರೆ ಅದರ ಊಟಕ್ಕಂತೆ. ಸಕ್ಕರೆ ಡಬ್ಬಕ್ಕೆ ಇರುವೆ ಮುತ್ತುತ್ತಿದ್ದದ್ದು ಯಾಕೆಂದು ನನಗೆ ಆಗ ಗೊತ್ತಾಯಿತು.

ಡಾಕ್ಟರಮ್ಮ ನಗಲಿಲ್ಲ. ಪುಟಾಣಿ ಗುಂಡುಕನ್ನಡಿಯನ್ನು ಅವಳ ಬಾಯೊಳಗೆ ಹಿಡಿದು, ಇನ್ನೊಂದು ಕನ್ನಡಿ ಕೈಗೆ ಕೊಟ್ಟು, ನೀನೇ ಹುಡುಕು ಅಂದರು. ದೀಪ ಈ ಕಡೆ ತಿರುಗಿಸಿ, ಆ ಕಡೆ ತಿರುಗಿಸಿ ಅಂತ ಅವರಿಗೇ ಅಪ್ಪಣೆ ಮಾಡುತ್ತಾ ಹುಡುಕಿದಳು. ಒಂದು ಕರಿ ಗುಳಿ ಬಿಟ್ಟರೆ ಏನೂ ಇಲ್ಲ. ಮುಖ ಬಾಡಿಹೋಯಿತು. ಹಾಗಾದ್ರೆ ಇಷ್ಟು ದಿನ ನಾನು ಯಾರಿಗೆ ತಿನ್ನಿಸಿದ್ದು ಅಂತ ಕೇಳಿದಳು. ಆಮೇಲೆ ತಾನಾಗಿಯೇ ಬಾಯಿ ಅಗಲಿಸಿದಳು. ಹಲ್ಲು ಉಳಿಯಿತು.

ಆದರೆ ಜಿರಲೆ ಕಂಡರೆ ಮನೆ ಎಗರಿಹೋಗುವಂತೆ ಕಿರುಚುವವಳು, ಈ ಹುಳವನ್ನು ಯಾಕೆ ಸಾಕಿದಳು? ಅದೇ ನನ್ನ ತಲೆ ಕೊರೆಯುತ್ತಿದೆ. ಈಗ ಮಲಗಿದ್ದಾಳೆ, ಎದ್ದ ಮೇಲೆ ಕೇಳುತ್ತೇನೆ.

ನಿನ್ನ ಮೇಲೆ ಅರ್ಧ ಕೋಪ, ಉಳಿದದ್ದೆಲ್ಲ ಪ್ರೀತಿ ಇರುವ,
ನಿನ್ನ ಮಗಳು

ತಾ.ಕ.: ಕೇಳಿದೆ. ನನ್ನ ಹೊಟ್ಟೆಯತ್ತ ಬೆರಳು ತೋರಿಸಿ, ನಿನ್ನ ಹೊಟ್ಟೇಲಿ ಪಾಪು ಇದೆ ಅಂತ ನೀನು ಇಬ್ಬರ ಊಟ ಮಾಡ್ತೀಯಲ್ಲ, ನಂಗೂ ಒಂದು ಇರ್ಲಿ ಅಂತ ಸಾಕಿದೆ ಅಂದಳು. ಅವಳಿಗೆ ನಾವು ಹೇಳಿರಲೇ ಇಲ್ಲ. ನಿನಗೂ ಹೇಳಿರಲಿಲ್ಲ. ಹೌದಮ್ಮ, ನಾಲ್ಕನೇ ತಿಂಗಳು.