ಪೀಪಾಯಿಯ ಖಾಲಿ ಜಾಗ

ಮಾರ್ಚ್ 9, ಬೆಳಿಗ್ಗೆ

ಏಳನೇ ಸಾಲಿನ ದ್ರಾಕ್ಷಿ ಬಳ್ಳಿ ಸವರಿ ಬಂದೆ. ಇನ್ನೂ ಹದಿನಾಲ್ಕು ಸಾಲು. ಬೆರಳು ಮಡಚಲು ಆಗುತ್ತಿಲ್ಲ.

ಗಂಡ ಎಫಿಸಿಯೊ ಸೊಂಟ ಮುರಿದುಕೊಂಡು ಒರಿಸ್ತಾನೋ ಪಟ್ಟಣದ ಆಸ್ಪತ್ರೆ ಸೇರಿ ಹದಿನೈದು ದಿನ. ಫೋನಿನಲ್ಲಿ ಅವರದು ಒಂದೇ ಪ್ರಶ್ನೆ — "ಕೆನೆ ಕಟ್ಟಿತೇನೇ?"

ನನ್ನ ಬೆರಳಿನ ವಿಚಾರವಲ್ಲ. ವೆರ್ನಾಚಾ ವೈನಿನದು. ಪೀಪಾಯಿಯಲ್ಲಿ ಜಾಗ ಬಿಟ್ಟಿರಬೇಕು, ಗಾಳಿಯಾಡಬೇಕು, ವಸಂತಕ್ಕೆ ಮೇಲೆ ಹುದುಗಿನ ಬಿಳಿ ಕೆನೆ ಕಟ್ಟಬೇಕು, ಆಗಲೇ ಅದು ವೆರ್ನಾಚಾ. ಇರುವುದೇ ಒಂದು ಪೀಪಾಯಿ. ಈ ಸಲ ಕೆನೆ ಬರದಿದ್ದರೆ ತೋಟ ಮಾರುತ್ತಾರಂತೆ. ಹೇಳಿದರೆ ಮಾಡುವ ಮನುಷ್ಯ.

ಮಾರ್ಚ್ 12

ಸೊಸೆ ಸಿಲ್ವಾನಾ ನೆರವಿಗೆ ಬಂದಿದ್ದಾಳೆ, ಉತ್ತರದ ಆಸ್ತಿ ಎಂಬ ಊರಿನಿಂದ. ಕೂತಲ್ಲಿ ಕೂರುವ ಹುಡುಗಿಯಲ್ಲ.

"ಅತ್ತೆ, ಪೀಪಾಯಿ ಎಷ್ಟು ಖಾಲಿಯಿತ್ತು ಗೊತ್ತಾ? ಕೆಟ್ಟೇ ಹೋಗ್ತಿತ್ತು! ಮೂಲೇಲಿದ್ದ ಜಾಡಿ ವೈನೆಲ್ಲ ಸುರಿದು ಬಾಯಿತನಕ ತುಂಬಿಬಿಟ್ಟೆ."

ಅವಳೂರಿನಲ್ಲಿ ಹಾಗೆಯೇ. ಬೆರಳಷ್ಟು ಜಾಗ ಬಿಟ್ಟರೂ ಅಪ್ಪ ಬೈಯುತ್ತಿದ್ದನಂತೆ.

"ಒಳ್ಳೇದಾಯ್ತು ಕಣಮ್ಮ" ಅಂದೆ. ತುಂಬಿದ ಪೀಪಾಯಿಗೆ ಕೆನೆ ಬರುವುದಿಲ್ಲ.

ಮಾರ್ಚ್ 13

ನಾಲ್ಕು ಬಕೆಟ್ ಹೊರತೆಗೆದರೆ ಸರಿಹೋಗುತ್ತದೆ. ಅರ್ಧ ಗಂಟೆಯ ಕೆಲಸ.

ಹೋಗಲಿಲ್ಲ.

ಕೆನೆ ಬರದಿದ್ದರೆ ತೋಟವಿಲ್ಲ. ತೋಟವಿಲ್ಲದಿದ್ದರೆ ಸವರಬೇಕಾದ ಸಾಲುಗಳೂ ಇಲ್ಲ. ಬರೆದುಬಿಟ್ಟೆ. ಅಳಿಸುವುದಿಲ್ಲ.

ಮಾರ್ಚ್ 24

ಪಕ್ಕದ ತೋಟದ ಬಾಕಿಸ್ ಬಂದಿದ್ದ.

"ಈಗ ವೆರ್ನಾಚಾ ಯಾರು ಕುಡೀತಾರಕ್ಕಾ? ಕೆಮ್ಮು ಇರೋರು, ಪಾದ್ರಿಗಳು. ತೋಟ ನಂಗೆ ಕೊಡಿ, ಆರ್ಟಿಚೋಕ್ ತರಕಾರಿ ಹಾಕ್ತೀನಿ."

"ಕೈಯಲ್ಲಿರೋದು ಎಷ್ಟನೇ ಗ್ಲಾಸು?"

"ಮೂರನೇದು. ನಂಗೂ ಕೆಮ್ಮಲ್ವಾ!"

ಹಳೆಯ ವೆರ್ನಾಚಾ ಬಾಟಲಿ ಮುಗಿಸಿಯೇ ಎದ್ದ. ಇವತ್ತೂ ಪೀಪಾಯಿಯ ಹತ್ತಿರ ಹೋಗಲಿಲ್ಲ.

ಏಪ್ರಿಲ್ 2, ಮಧ್ಯಾಹ್ನ

ಎಫಿಸಿಯೊ ಮನೆಗೆ ಬಂದರು. ವಾಕರ್ ತಳ್ಳಿಕೊಂಡು ನೇರ ಉಗ್ರಾಣಕ್ಕೆ. ಪೀಪಾಯಿಯ ನೆತ್ತಿಗೆ ಬೆರಳಿನಿಂದ ಬಡಿದರು. ಸದ್ದು ಮಂದ.

"ಯಾರು ತುಂಬಿದ್ದು?"

ಸಿಲ್ವಾನಾ ಬಾಯಿ ತೆರೆಯುವ ಮೊದಲೇ "ನಾನು" ಅಂದೆ.

"ನಲವತ್ತು ವರ್ಷ ಇದರ ಜೊತೆ ಬಾಳಿದೋಳು. ನಿಂಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

ಅಷ್ಟು ಮಾತ್ರ ಸುಳ್ಳಲ್ಲ. ಕೂಗಾಡುತ್ತಾರೆ ಅಂದುಕೊಂಡೆ. ಮಗುಚಿದ್ದ ತೊಟ್ಟಿಯ ಮೇಲೆ ಕೂತರು. ಬಹಳ ಹೊತ್ತು ನನ್ನ ಕೈಗಳನ್ನೇ ನೋಡಿದರು.

"ಅಷ್ಟು ಸಾಕಾಗಿದ್ಯೇನೇ?"

ಮಡಚಲಾಗದ ಬೆರಳುಗಳನ್ನು ಬೆನ್ನ ಹಿಂದೆ ಬಚ್ಚಿಟ್ಟೆ.

ಏಪ್ರಿಲ್ 3

ಸಿಲ್ವಾನಾ ಬೆಳಿಗ್ಗೆಯೇ ಮಾವನಿಗೆ ನಿಜ ಹೇಳಿ ಅತ್ತಳಂತೆ. ಅವರು ಬೈಯಲಿಲ್ಲ. ಇಬ್ಬರೂ ಬಕೆಟ್ ಇಟ್ಟುಕೊಂಡು ನನ್ನನ್ನು ಕರೆದರು.

"ಈಗ ತೆಗೆದ್ರೂ ಕೆನೆ ಬರಬಹುದು. ತೆಗೀಬೇಕೋ ಬೇಡ್ವೋ, ನೀನೇ ಹೇಳು" ಅಂದರು ಎಫಿಸಿಯೊ.

ಜಾಡಿಯ ತಳದಲ್ಲಿ ಉಳಿದಿದ್ದ ಗುಟುಕು ಬಾಯಿಗೆ ಹಾಕಿದೆ. ಕಹಿ ಬಾದಾಮಿಯ ರುಚಿ. ಕೆಟ್ಟ ವೈನಲ್ಲ, ಪಾಪ.

"ತೆಗೀರಿ. ಆದ್ರೆ ಅರ್ಧ ತೋಟ ಬಾಕಿಸ್‌ಗೆ ಕೊಡಿ."

"ಯಾವ ಅರ್ಧ?"

ನಾಳೆ ಹೇಳುತ್ತೇನೆ ಅಂದೆ. ಇವತ್ತು ಕಿಟಕಿ ಹಾಕಿಕೊಂಡು ಮಲಗುತ್ತೇನೆ, ಯಾರೂ ಎಬ್ಬಿಸಬಾರದು, ಯಾರ ಹೊಟ್ಟೆ ಹಸಿದರೂ, ಎಫಿಸಿಯೊ ಕರೆದರೂ —