ಪಿಕಪ್‌ಗೆ ಕೂರಿಸಿದ ಹೊಸ ಮೀಟರು

ಅಪ್ಪನಿಗೆ ನಮಸ್ಕಾರ,

ನೀವು ಕೇಳಿದ ಆರ್‌ಪಿಎಂ ಮೀಟರನ್ನು ಪಿಕಪ್‌ಗೆ ಕೂರಿಸಿದ್ದೇನೆ. ಹಳೇ ಗಾಡಿ, ಡ್ಯಾಶ್‌ಬೋರ್ಡಿನಲ್ಲಿ ಜಾಗವಿರಲಿಲ್ಲ. ಸ್ಟಿಯರಿಂಗ್ ಪಕ್ಕದಲ್ಲೇ ಕ್ಲಾಂಪ್ ಹಾಕಿದೆ. ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ತೋರಿಸುವ ಮುಳ್ಳು ಎರಡೂವರೆ ಸಾವಿರ ದಾಟಿದಾಗ ಗೇರು ಬದಲಿಸಬೇಕು.

ಡೀಸೆಲ್ ಉಳಿಸೋಕೆ ಅಂದಿರಿ, ನಾನೂ ಹೂಂ ಅಂದೆ. ಆದರೆ ನನಗೆ ಗಾಡಿ ಕಲಿಸುವಾಗ, "ಕಣ್ಣು ರಸ್ತೆ ಮೇಲಿರಲಿ ಮಗಳೇ, ಗೇರು ಯಾವಾಗ ಹಾಕ್ಬೇಕು ಅಂತ ಇಂಜಿನ್ನೇ ಕೂಗಿ ಹೇಳುತ್ತೆ" ಅಂದವರು ನೀವು.

ನಿನ್ನೆ ನನ್ನ ಗ್ಯಾರೇಜಿನಲ್ಲಿ, ಇಂಜಿನ್ ಓಡುತ್ತಿರುವಾಗಲೇ ನೀವು ಮತ್ತೆ ಕೀ ತಿರುಗಿಸಿದಿರಿ. ಸ್ಟಾರ್ಟರ್ ಕಿರುಚಿದ್ದಕ್ಕೆ ಎದುರಂಗಡಿ ದರ್ಜಿ ಕತ್ತರಿ ಕೆಳಗಿಟ್ಟು ನೋಡಿದ. ನಿಮಗೆ ಏನೂ ಅನ್ನಿಸಲಿಲ್ಲ. ಆಮೇಲೆ ರಿವರ್ಸ್ ತೆಗೆದಿರಿ. ನಾನು ಹಿಂದೆ ನಿಂತು ಗಂಟಲು ಹರಿಯುವ ಹಾಗೆ ಕೂಗಿದೆ. ಕೊನೆಗೆ ಪಕ್ಕಕ್ಕೆ ಹಾರಿ ಉಳಿದೆ.

ಅಮ್ಮನಿಗೆ ಹೇಳಿಲ್ಲ. ನಿಮಗೆ ಎದುರಿಗೆ ಹೇಳಬೇಕೆಂದರೆ ಕಿರುಚಬೇಕು, ಬೀದಿಗೆಲ್ಲ ಗೊತ್ತಾಗುತ್ತದೆ, ಅದಕ್ಕೇ ಬರೆದೆ.

ಕೀ ನನ್ನ ಹತ್ತಿರವಿದೆ, ಮನೆಯೆಲ್ಲ ಹುಡುಕಬೇಡಿ. ಸೋಮವಾರ ಕಿವಿ ಡಾಕ್ಟರ ಹತ್ತಿರ ಹೋಗೋಣ. ಗಾಡಿ ನಾನು ಓಡಿಸುತ್ತೇನೆ. ನೀವು ಪಕ್ಕದಲ್ಲಿ ಕೂತು ಮುಳ್ಳು ನೋಡುತ್ತಾ, ಗೇರು ಯಾವಾಗ ಹಾಕಬೇಕು ಅಂತ ನನಗೆ ಹೇಳಿಕೊಡಿ.

ನಿಮ್ಮ ಕೈಯಲ್ಲೇ ಗಾಡಿ ಕಲಿತ,
ಮಗಳು