ಮರಗಟ್ಟಿದ ಬೆರಳಿಗೂ ಸಿಗುವ ಗುಂಡಿ

ಪ್ರೀತಿಯ ಅಕ್ಕಾ,

ಈ ಕಾಗದವನ್ನು ಭಾವ ನಿನಗೆ ಓದಿ ಹೇಳುತ್ತಾರೆ. ಭಾವ, ನಡುವೆ ಒಂದು ಸಾಲನ್ನೂ ನುಂಗಬೇಡಿ. ಇದರಲ್ಲಿ ನನ್ನ ತಪ್ಪೊಪ್ಪಿಗೆ ಇದೆ, ಅವಳು ಅದನ್ನು ಪೂರ್ತಿ ಕೇಳಬೇಕು.

ಕಡಲಾಚೆಯ ಆ ಬೆಟ್ಟದ ನಾಡಿನಲ್ಲಿ ಭೂಮಿ ನಡುಗಿ, ಊರಿಗೆ ಊರೇ ಹಿಮದ ಬಯಲಿಗೆ ಬಿದ್ದ ಸುದ್ದಿಯನ್ನು ನೀನೂ ರೇಡಿಯೋದಲ್ಲಿ ಕೇಳಿದ್ದೆ. ನಮ್ಮ ಬೀದಿಯವರೆಲ್ಲ ಉಣ್ಣೆಯ ಕೋಟು ತಂದು ನನ್ನ ಹೊಲಿಗೆ ಅಂಗಡಿಯಲ್ಲಿ ರಾಶಿ ಹಾಕಿದರು. ನೋಡಿದರೆ ಅರ್ಧಕ್ಕರ್ಧ ಕೋಟುಗಳಿಗೆ ಗುಂಡಿಯೇ ಇಲ್ಲ! ಕೋಟು ಕೊಡುವ ಮನಸ್ಸೇನೋ ಇದೆ, ಗುಂಡಿ ಮಾತ್ರ ಮುಂದೆಂದಾದರೂ ಬೇಕಾದೀತೆಂದು ಕತ್ತರಿಸಿ ಇಟ್ಟುಕೊಂಡಿದ್ದಾರೆ. ನಾನೂ ಹಾಗೆ ಮಾಡಿದವಳೇ, ಬಿಡು. ಶುಕ್ರವಾರ ಲಾರಿ ಬರುವುದರೊಳಗೆ ನೂರಕ್ಕೂ ಹೆಚ್ಚು ಕೋಟುಗಳಿಗೆ ಗುಂಡಿ ಹಚ್ಚಬೇಕಿತ್ತು.

ಒಬ್ಬಳ ಕೈಯಲ್ಲಿ ಆಗುತ್ತಿಲ್ಲ ಅಂತ ಹೇಳಿ ಅವುಗಳಲ್ಲಿ ಮಕ್ಕಳ ಇಪ್ಪತ್ತು ಕೋಟುಗಳನ್ನು ನಿನಗೆ ತಂದುಕೊಟ್ಟೆನಲ್ಲ, ಆ ಮಾತು ಸುಳ್ಳು. ಕಣ್ಣು ಹೋದ ಮೇಲೆ ನೀನು "ನಾನಿನ್ನು ಯಾತಕ್ಕೂ ಬರಲ್ಲ" ಅಂತ ಕಿಟಕಿ ಪಕ್ಕ ಕೂತುಬಿಟ್ಟಿದ್ದೆ. ನನಗೆ ಹೊಲಿಗೆ ಕಲಿಸಿದ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿರುವುದನ್ನು ನೋಡಲಾರದೆ, ನಿನಗೆ ಹೊತ್ತು ಹೋಗಲೆಂದು ಕೊಟ್ಟೆ. ನೀನು ಹಚ್ಚಿದ್ದನ್ನೆಲ್ಲ ಬಿಚ್ಚಿ ನಾನೇ ಮತ್ತೆ ಹಚ್ಚುವುದೆಂದು ಮೊದಲೇ ತೀರ್ಮಾನಿಸಿದ್ದೆ. ಕ್ಷಮಿಸು.

ಬುಧವಾರ ಬಂದಾಗ ಭಾವ ಬಾಗಿಲಲ್ಲೇ ದೂರು ಶುರುಮಾಡಿದರು. ದಿನಾ ಕೆಲಸಕ್ಕೆ ಹೊರಡುವ ಮುಂಚೆ ನಿನಗೆ ಇಪ್ಪತ್ತು ಸೂಜಿಗೆ ದಾರ ಪೋಣಿಸಿಡಬೇಕಂತೆ, ಸಾಲದ್ದಕ್ಕೆ ಅವರ ದಪ್ಪ ಕಾಲುಚೀಲವೂ ನಿನ್ನ ವಶವಾಗಿದೆಯಂತೆ. ಒಳಗೆ ಬಂದರೆ ನೀನು ಆ ಕಾಲುಚೀಲವನ್ನು ಎರಡೂ ಕೈಗೆ ಏರಿಸಿಕೊಂಡು, ಪುಟ್ಟ ಕೋಟೊಂದರ ಗುಂಡಿ ಹಾಕಲು ಹೆಣಗುತ್ತಿದ್ದೆ. ಕಪ್ಪು ಕೋಟಿಗೆ ಕೆಂಪು ಗುಂಡಿ, ಅದರ ಕೆಳಗೊಂದು ಹಳದಿ. ನನಗೆ ನಗು ತಡೆಯಲಾಗಲಿಲ್ಲ.

ನೀನು ತಲೆಯೆತ್ತದೆ ಹೇಳಿದೆ: "ಅಲ್ಲಿ ಮಕ್ಕಳ ಬೆರಳು ಚಳಿಗೆ ಮರಗಟ್ಟಿರುತ್ತೆ ಕಣೇ. ಗುಂಡಿ ಹಾಕಿಕೊಡೋಕೆ ಅಮ್ಮ ಇದ್ದಾಳೋ ಇಲ್ವೋ. ಈ ಕೈಗೆ ಸಿಕ್ಕಿದ್ರೆ ಆ ಕೈಗೂ ಸಿಗುತ್ತೆ."

ನೀನು ಮುಗಿಸಿಟ್ಟಿದ್ದ ಕೋಟುಗಳನ್ನು ಎತ್ತಿ ನೋಡಿದೆ. ಸಿಗದ ಕಡೆಯೆಲ್ಲ ನೀನು ಗುಂಡಿ ಬದಲಿಸಿ ದೊಡ್ಡದು ಹಚ್ಚಿದ್ದೆ, ಗುಂಡಿ ತೂರಿಸುವ ಕಾಜಾ ಅಗಲ ಮಾಡಿ ಅಂಚನ್ನು ಮತ್ತೆ ಹೊಲಿದಿದ್ದೆ. ಭೂಪಟದಲ್ಲಿ ನಾನು ಬೆರಳಿಟ್ಟು ತೋರಿಸಲಾರದ ಊರಿನ ಮಗುವಿನ ಕೈ ನಿನಗೆ ಹೇಗೆ ತಿಳಿಯಿತು ಅಕ್ಕಾ? ಇಷ್ಟು ವರ್ಷ ನಿನ್ನ ಪಕ್ಕದಲ್ಲೇ ಕೂತು ಹೊಲಿದವಳು ನಾನು. ನೀನು ಇಂಥವಳೆಂದು ಅಂದೇ ಗೊತ್ತಾದಂತೆ ಬೆರಗಾಗಿ ನಿಂತುಬಿಟ್ಟೆ.

ಆ ಕೋಟುಗಳ ಗಂಟು ಹೊತ್ತು ಅಂಗಡಿಗೆ ಬಂದೆ. ನೀನು ಹಚ್ಚಿದ ಗುಂಡಿಗಳನ್ನು ಎಳೆದು ನೋಡಿದೆ. ಒಂದೂ ಜಗ್ಗಲಿಲ್ಲ. ಆಮೇಲೆ ಬಾಗಿಲು ಮುಂದೆ ಮಾಡಿಕೊಂಡು, ನಾನೂ ಕೈಗೆ ಕಾಲುಚೀಲ ಹಾಕಿಕೊಂಡು, ನಾನು ಗುಂಡಿ ಹಚ್ಚಿದ ಕೋಟುಗಳನ್ನು ಒಂದೊಂದಾಗಿ ತೆಗೆದುಕೊಂಡೆ. ಬಣ್ಣಕ್ಕೆ ಬಣ್ಣ ಹೊಂದಿಸಿ, ಅಳತೆ ಹಿಡಿದು ಹಚ್ಚಿದ್ದವು ಅವು. ಮೂವತ್ತೊಂದು ಕೋಟುಗಳ ಗುಂಡಿ ನನ್ನ ಕೈಗೆ ಸಿಗಲೇ ಇಲ್ಲ.

ನಿನ್ನವನ್ನು ಇದ್ದ ಹಾಗೇ ಲಾರಿಗೆ ಹಾಕಿ ಕಳಿಸಿದೆ. ಬಿಚ್ಚಿ ಮತ್ತೆ ಹಚ್ಚಿದ್ದು ನನ್ನವನ್ನು.

ನಿನ್ನ ಕೈ ನೂರು ಕಾಲ ಚೆನ್ನಾಗಿರಲಿ.

ಇನ್ನೂ ನಿನ್ನ ಹತ್ತಿರ ಕಲಿಯುವುದು ಬಾಕಿಯಿರುವ,
ತಂಗಿ